ಬಿಸಿಲೂರಿನ ಕುಂಡಗಳಿಗೆ ತೊಗಟೆ ಮಿಶ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಮಾಳಿಗೆ ಮೇಲೆ ಕುಂಡ ಇಟ್ಟು ಗಿಡ ಬೆಳೆಸುವವರು ಕೇಳುವ ಪ್ರಶ್ನೆಗಳು ಇವು. ಮರದ ತೊಗಟೆ ಹಾಕಿ ಮಾಡುವ ಮಿಶ್ರಣದ ಅಳತೆಗಳು ಹೆಚ್ಚಾಗಿ ತಂಪು ದೇಶಗಳಿಂದ ಬಂದವು. ಅಲ್ಲಿಯವರ ಚಿಂತೆ ಒಂದೇ, ನೀರು ಬೇಗ ಬಸಿದು ಹೋಗಬೇಕು. ನಮಗೆ ನೀರು ಬಸಿಯಲೂ ಬೇಕು, ಸಂಜೆವರೆಗೆ ಉಳಿಯಲೂ ಬೇಕು. ಹಾಗಾಗಿ ನಮ್ಮ ಬಿಸಿಲು, ನಮ್ಮ ಬೋರ್‌ವೆಲ್ ನೀರು, ಇಲ್ಲಿ ಕೈಗೆ ಸಿಗುವ ಸಾಮಾನು ಇವನ್ನು ನೋಡಿಕೊಂಡು ಉತ್ತರ ಬರೆದಿದ್ದೇನೆ.

ಹೊಲದ ಮಣ್ಣು ಪುಕ್ಕಟೆ ಸಿಗುವಾಗ ತೊಗಟೆ ಯಾಕೆ ಬೇಕು?

ಹತ್ತಿ, ಬಿಳಿಜೋಳ, ಕಡಲೆಗೆ ಎರೆ ಮಣ್ಣಿಗಿಂತ, ಅಂದರೆ ಕಪ್ಪು ಮಣ್ಣಿಗಿಂತ, ಒಳ್ಳೆಯ ಮಣ್ಣಿಲ್ಲ. ಅದೇ ಮಣ್ಣನ್ನು ಕುಂಡಕ್ಕೆ ತುಂಬಿದರೆ ತೊಂದರೆ ಶುರು. ಅದರಲ್ಲಿರುವ ಜಿಗುಟು ಜೇಡಿ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲ ಬಿರಿದರೆ ಚಿಂತೆಯಿಲ್ಲ, ಮುಂದಿನ ಮಳೆ ಆ ಬಿರುಕಿನಲ್ಲೇ ಆಳಕ್ಕೆ ಇಳಿಯುತ್ತದೆ. ಕುಂಡದಲ್ಲಿ ಮಣ್ಣು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಸೀದಾ ತಳದ ತೂತಿನಿಂದ ಹೊರಗೆ ಬರುತ್ತದೆ. ನಡುವಿನ ಬೇರು ಒಣಗಿಯೇ ಇರುತ್ತದೆ. ಕೆಳಗೆ ನೀರು ಬಂತಲ್ಲ, ಸಾಕಾಯಿತು ಅಂತ ನಾವು ಒಳಗೆ ಹೋಗುತ್ತೇವೆ. ಮಳೆಗಾಲದಲ್ಲಿ ಇದರ ಉಲ್ಟಾ. ಮಣ್ಣು ಹಿಗ್ಗಿ ಮುಚ್ಚಿಕೊಂಡು, ಒಳಗೆ ಗಾಳಿಯೇ ಆಡದೆ ಬೇರು ಕೊಳೆಯುತ್ತದೆ.

ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ಇದಕ್ಕಿಂತ ವಾಸಿ. ಆದರೂ ಒಂದೆರಡು ತಿಂಗಳು ನೀರು ಹಾಕಿದ ಮೇಲೆ ಅದೂ ಗಟ್ಟಿಯಾಗಿ ಕೂರುತ್ತದೆ.

ತೊಗಟೆ ಚೂರುಗಳ ನಡುವೆ ದೊಡ್ಡ ಸಂದಿಗಳಿರುತ್ತವೆ. ನೀರು ಇಳಿದು ಹೋದ ಮೇಲೆ ಅಲ್ಲಿ ಗಾಳಿ ತುಂಬುತ್ತದೆ. ತೊಗಟೆ ಬೇಗ ಕೊಳೆಯುವುದಿಲ್ಲ, ಹಾಗಾಗಿ ಆ ಸಂದಿಗಳು ಬಹಳ ದಿನ ಉಳಿಯುತ್ತವೆ. ತೂಕದ ಮಾತೂ ಇದೆ. 12 ಇಂಚಿನ ಕುಂಡಕ್ಕೆ ಎರೆ ಮಣ್ಣು ತುಂಬಿ ನೀರು ಹಾಕಿದರೆ 20 ಕಿಲೋ ದಾಟುತ್ತದೆ. ತೊಗಟೆ ಮಿಶ್ರಣ ಅದರ ಅರ್ಧದಷ್ಟು ತೂಗುತ್ತದೆ. ಹಳೆಯ ಮನೆಯ ಮಾಳಿಗೆ ಮೇಲೆ ಹತ್ತಾರು ಕುಂಡ ಇಡುವವರು ಇದನ್ನು ಯೋಚಿಸಲೇಬೇಕು.

ತೊಗಟೆ ಎಲ್ಲಿ ಸಿಗುತ್ತದೆ? ಯಾವ ಮರದ್ದು ಆಗಬೇಕು?

ಬೇರೆ ದೇಶಗಳಲ್ಲಿ ಪೈನ್ ಮರದ ತೊಗಟೆ ಬಳಸುತ್ತಾರೆ. ನಮ್ಮ ಕಡೆ ಪೈನ್ ಬೆಳೆಯುವುದಿಲ್ಲ. ಆರ್ಕಿಡ್ ಬೆಳೆಸುವವರಿಗೆ ಅಂತ ಆನ್‌ಲೈನ್‌ನಲ್ಲಿ ಸಣ್ಣ ಪ್ಯಾಕೆಟ್ ಮಾರುತ್ತಾರೆ. ಒಂದೆರಡು ಕುಂಡಕ್ಕೆ ಸರಿ, ಇಡೀ ಮಾಳಿಗೆಗೆ ಕೈ ಸುಡುತ್ತದೆ.

ನಮಗೆ ಸಾ ಮಿಲ್ ಮತ್ತು ಕಟ್ಟಿಗೆ ಅಡ್ಡೆಗಳೇ ಗತಿ. ದಿಮ್ಮಿ ಇಳಿಸುವ ಜಾಗದಲ್ಲಿ ತೊಗಟೆ ಉದುರಿ ಬಿದ್ದಿರುತ್ತದೆ. ಬೇವು, ಮಾವು, ಹುಣಸೆ, ಜಾಲಿ ಎಲ್ಲ ಕಲಸಿರುತ್ತದೆ, ಅಡ್ಡಿಯಿಲ್ಲ. ಮಾವಿನ ತೊಗಟೆ ದಪ್ಪ, ಚೂರು ಮಾಡಲು ಸುಲಭ. ನೀಲಗಿರಿ ತೊಗಟೆ ಉದ್ದುದ್ದ ಪಟ್ಟಿಯಾಗಿ ಬರುತ್ತದೆ, ನಾರು ಜಾಸ್ತಿ, ಎಷ್ಟು ಬಡಿದರೂ ಚೂರಾಗುವುದಿಲ್ಲ. ಹಸಿಯಿದ್ದಾಗ ಅದರಲ್ಲಿ ಸಸಿಗಳಿಗೆ ಆಗದ ಅಂಶಗಳೂ ಇರುತ್ತವೆ. ನಾನಾದರೆ ಅದನ್ನು ಬಿಟ್ಟೇ ಬಿಡುತ್ತೇನೆ.

ಬೆಳೆದು ನಿಂತ ಮರದ ತೊಗಟೆಗೆ ಮಾತ್ರ ಕೈ ಹಾಕಬೇಡಿ. ಕಾಂಡದ ಸುತ್ತ ತೊಗಟೆ ಎದ್ದರೆ ಮರವೇ ಸಾಯುತ್ತದೆ.

ಊರ ತುಂಬ ಬಳ್ಳಾರಿ ಜಾಲಿ ಇದೆ. ಅದರ ತೊಗಟೆ ನಡೆಯುತ್ತಾ?

ನಮ್ಮ ಜಿಲ್ಲೆಯ ಹೆಸರು ಹೊತ್ತುಕೊಂಡಿರುವ ಈ ಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಹೆಸರು ನಮಗೆ ಅಂಟಿತು, ಮುಳ್ಳೂ ನಮಗೇ ಚುಚ್ಚಿತು! ಇದರ ಎಲೆಯಲ್ಲಿ ಬೇರೆ ಬೀಜ ಮೊಳೆಯದಂತೆ ತಡೆಯುವ ಗುಣವಿದೆ. ಹಾಗಾಗಿ ಎಲೆ, ಕಾಯಿ ಸೇರಿದ ಕಸವನ್ನು ಕುಂಡಕ್ಕೆ ತರಬೇಡಿ. ಬರೀ ತೊಗಟೆ ಸಿಕ್ಕರೆ ಚೆನ್ನಾಗಿ ಕಳಿಯಲು (ಕೊಳೆತು ಹದವಾಗಲು) ಬಿಟ್ಟು, ಮುಂದೆ ಹೇಳುವ ಮೆಂತೆ ಪರೀಕ್ಷೆ ಮಾಡಿ ಬಳಸಿ.

ಈ ಮರದಿಂದ ನಮಗೆ ಜಾಸ್ತಿ ಉಪಯೋಗ ಆಗುವುದು ಇದ್ದಿಲಿನ ರೂಪದಲ್ಲಿ. ಅದನ್ನು ಮುಂದೆ ಪರ್ಲೈಟ್ (ಕುಂಡಕ್ಕೆ ಬೆರೆಸುವ ಹಗುರವಾದ ಬಿಳಿ ಕಲ್ಲಿನ ಚೂರು) ಪ್ರಶ್ನೆಯಲ್ಲಿ ನೋಡೋಣ.

ಚೂರು ಎಷ್ಟು ದಪ್ಪ ಇರಬೇಕು?

ಯಾವ ಮರದ ತೊಗಟೆ ಅನ್ನುವುದಕ್ಕಿಂತ ಚೂರಿನ ಗಾತ್ರ ಮುಖ್ಯ. ಇದೊಂದು ಸರಿಯಿದ್ದರೆ ಉಳಿದದ್ದರಲ್ಲಿ ಸ್ವಲ್ಪ ಆಚೀಚೆ ಆದರೂ ಗಿಡ ಸಹಿಸಿಕೊಳ್ಳುತ್ತದೆ.

3 ಮಿಲಿಮೀಟರ್‌ನಿಂದ 10 ಮಿಲಿಮೀಟರ್ ಒಳಗಿನ ಚೂರು ಬೇಕು. ಕಡಲೆಕಾಳಿನ ಗಾತ್ರ ಅಂದುಕೊಳ್ಳಿ. ಒಣಗಿದ ತೊಗಟೆಯನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಬಡಿಗೆಯಿಂದ ಬಡಿಯಿರಿ. ಜಾಸ್ತಿ ಇದ್ದರೆ ರಾಶಿ ಮಾಡುವ ಹಾಗೆ ಕಣದಲ್ಲಿ ಹರವಿ ಟ್ರ್ಯಾಕ್ಟರ್ ಓಡಿಸಿದರೂ ಆಗುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಒಣ ತೊಗಟೆ ಹಾಕಬೇಡಿ, ಬ್ಲೇಡ್ ಹಾಳಾಗುತ್ತದೆ.

ಆಮೇಲೆ ಎರಡು ಸಲ ಸೋಸಬೇಕು. ಮೊದಲು ಮರಳು ಸೋಸುವ ಜಾಲರಿಯಲ್ಲಿ ದೊಡ್ಡ ತುಂಡು ತೆಗೆಯಿರಿ, ಅವನ್ನು ಮತ್ತೆ ಬಡಿಯಬಹುದು. ನಂತರ ಕಾಳು ಸೋಸುವ ಸಾಣಿಗೆಯಲ್ಲಿ ಹಾಕಿ ಪುಡಿ ಬೇರೆ ಮಾಡಿ. ಪುಡಿ ಸ್ವಲ್ಪ ಉಳಿದರೆ ಒಳ್ಳೆಯದೇ, ನೀರು ಹಿಡಿಯುತ್ತದೆ. ಆದರೆ ಕಾಲು ಭಾಗಕ್ಕಿಂತ ಜಾಸ್ತಿ ಪುಡಿ ಇದ್ದರೆ ಅದು ಸಂದಿಗಳಲ್ಲಿ ಕೂತು ಎಲ್ಲವನ್ನೂ ಮುಚ್ಚುತ್ತದೆ. ಆಗ ನೀವು ಪಟ್ಟ ಕಷ್ಟವೆಲ್ಲ ದಂಡ. ಸೋಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಹಸಿ ತೊಗಟೆಯನ್ನು ಹಾಗೇ ಹಾಕಬಹುದಾ?

ಬೇಡ. ಇದಕ್ಕೆ ಎರಡು ಕಾರಣ. ನಮ್ಮ ಮರಗಳ ತೊಗಟೆಯಲ್ಲಿ ಟ್ಯಾನಿನ್ ಅನ್ನುವ ಒಗರು ಅಂಶ ಇರುತ್ತದೆ. ಕರಿಜಾಲಿಯಲ್ಲಂತೂ ಚರ್ಮ ಹದ ಮಾಡಲು ಸಾಕಾಗುವಷ್ಟಿದೆ. ಎಳೆ ಬೇರಿಗೆ ಅದು ಒಗ್ಗುವುದಿಲ್ಲ. ಎರಡನೆಯದು ಸಾರಜನಕದ ಲೆಕ್ಕ. ತೊಗಟೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ತೊಗಟೆಯಲ್ಲಿ ಅದು ಕಡಿಮೆ, ಹಾಗಾಗಿ ಗಿಡಕ್ಕೆ ಹಾಕಿದ್ದನ್ನು ಅವು ಎಳೆದುಕೊಳ್ಳುತ್ತವೆ. ಗಿಡ ಹಳದಿಯಾಗಿ ನಿಲ್ಲುತ್ತದೆ.

ತೊಗಟೆ ಕಳಿಯುವಂತೆ ಮಾಡುವುದು ಹೀಗೆ. ಚೂರು ಮಾಡಿದ ತೊಗಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ. ಟೀ ಬಣ್ಣದ ನೀರು ಬರುತ್ತದೆ, ಚೆಲ್ಲಿ. ತಳಕ್ಕೂ ಪಕ್ಕಕ್ಕೂ ತೂತು ಮಾಡಿದ 200 ಲೀಟರ್ ಡ್ರಮ್‌ಗೆ ತುಂಬಿ. ತುಂಬುವಾಗ ಪದರ ಪದರಕ್ಕೂ ಯೂರಿಯಾ ಕರಗಿಸಿದ ನೀರು ಚಿಮುಕಿಸಿ. ಒಂದು ಡ್ರಮ್‌ಗೆ ಒಟ್ಟು 300ರಿಂದ 400 ಗ್ರಾಂ ಯೂರಿಯಾ ಸಾಕು. ಯೂರಿಯಾ ಬೇಡ ಅನ್ನುವವರು ಹಸಿ ಸಗಣಿ ಕದಡಿದ ನೀರು ಎರಡು ಬಕೆಟ್ ಹಾಕಿ. ಜೊತೆಗೆ ಒಂದೆರಡು ಹಿಡಿ ಹಳೆಯ ತಿಪ್ಪೆಗೊಬ್ಬರ ಬೆರೆಸಿದರೆ ಕೊಳೆಸುವ ಜೀವಿಗಳು ಬೇಗ ಸೇರಿಕೊಳ್ಳುತ್ತವೆ.

ತೇವ ಎಷ್ಟಿರಬೇಕು? ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಸುರಿಯಬಾರದು. ನಮ್ಮ ಬಿಸಿಲಿಗೆ ಮೇಲಿನ ಪದರ ಎರಡೇ ದಿನದಲ್ಲಿ ಒಣಗುತ್ತದೆ, ಅದಕ್ಕೆ ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಡಿ. ಎರಡು ಮೂರು ವಾರಕ್ಕೊಮ್ಮೆ ಹೊರಗೆ ಸುರಿದು, ಮೇಲೆ ಕೆಳಗೆ ಮಾಡಿ ಮತ್ತೆ ತುಂಬಿ. ನಾಲ್ಕರಿಂದ ಆರು ತಿಂಗಳು ಬೇಕು. ಜಾಗ ಇದ್ದವರು ಮೂರಡಿ ಎತ್ತರ, ಮೂರಡಿ ಅಗಲದ ಗುಡ್ಡೆ ಮಾಡಿದರೆ ಒಳಗೆ ಬಿಸಿ ಚೆನ್ನಾಗಿ ಏರುತ್ತದೆ, ಬೇಗ ಮುಗಿಯುತ್ತದೆ.

ಕಳಿತಿದೆ ಅಂತ ಗೊತ್ತಾಗುವುದು ಹೇಗೆ?

ಬಣ್ಣ ಕಪ್ಪಾಗುತ್ತದೆ, ಒಳಗಿನ ಬಿಸಿ ಆರುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಹುಳಿ ವಾಸನೆ ಬಂದರೆ ಗಾಳಿ ಸಾಲದೆ ಕೆಟ್ಟಿದೆ ಅಂತ ಅರ್ಥ. ಹರವಿ, ಚೆನ್ನಾಗಿ ನೀರು ಹಾಯಿಸಿ ತೊಳೆದು, ಒಂದು ವಾರ ಗಾಳಿಗೆ ಬಿಡಿ.

ಕೊನೆಗೆ ಮೆಂತೆ ಪರೀಕ್ಷೆ ಮಾಡಿ. ಒಂದು ಲೋಟದಲ್ಲಿ ತೊಗಟೆ, ಇನ್ನೊಂದರಲ್ಲಿ ಮಾಮೂಲಿ ಮಣ್ಣು ಹಾಕಿ, ಎರಡಕ್ಕೂ ಅಷ್ಟಷ್ಟೇ ಮೆಂತೆ ಕಾಳು ಬಿತ್ತಿ. ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ. ವಾರದ ಮೇಲೆ ಕಿತ್ತು ಬೇರು ನೋಡಿ. ತೊಗಟೆಯಲ್ಲಿನ ಬೇರು ಗಿಡ್ಡವಾಗಿ, ತುದಿ ಕಂದಾಗಿದ್ದರೆ ಇನ್ನೂ ಒಂದು ತಿಂಗಳು ಕಾಯಿರಿ.

ಸರಿ, ಅಳತೆ ಹೇಳಿ.

ಎಲ್ಲೆಡೆ ಓದುವ ಅಳತೆ 5:1:1. ಐದು ಪಾಲು ತೊಗಟೆ, ಒಂದು ಪಾಲು ಪೀಟ್ (ಜೌಗು ನೆಲದಲ್ಲಿ ಸಿಗುವ, ಅರೆ ಕೊಳೆತ ಪಾಚಿ), ಒಂದು ಪಾಲು ಪರ್ಲೈಟ್. ರಾಯಚೂರಿನ ಮೇ ತಿಂಗಳಲ್ಲಿ ಇದು ಬೆಳಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೆ ಒಣಗುತ್ತದೆ. ನಮಗೆ ತೊಗಟೆ ಇಳಿಸಿ, ನೀರು ಹಿಡಿಯುವ ಸಾಮಾನು ಏರಿಸಬೇಕು.

ಮಲ್ಲಿಗೆ, ಗುಲಾಬಿ, ದಾಸವಾಳ, ಕರಿಬೇವು, ನಿಂಬೆಗೆ: ತೊಗಟೆ 4 ಬುಟ್ಟಿ, ತೊಳೆದ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) 2 ಬುಟ್ಟಿ, ಎರೆಹುಳು ಗೊಬ್ಬರ 1 ಬುಟ್ಟಿ, ಕಲ್ಲಿನ ಅಥವಾ ಇದ್ದಿಲಿನ ಚೂರು 1 ಬುಟ್ಟಿ. ಅಂಜೂರಕ್ಕೂ ಇದೇ. ಬಳ್ಳಾರಿ ಸೀಮೆಯ ಅಂಜೂರ ದೊಡ್ಡ ಕುಂಡದಲ್ಲೂ ಕಾಯಿ ಬಿಡುತ್ತದೆ, ಆದರೆ ಒಂದು ದಿನ ನೀರು ತಪ್ಪಿದರೂ ಎಲೆ ಉದುರಿಸಿ ಸಿಟ್ಟು ತೋರಿಸುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನೆಗೆ ಗೊಬ್ಬರ ಇನ್ನೊಂದು ಬುಟ್ಟಿ ಏರಿಸಿ. ಅಡೀನಿಯಂ, ಕಳ್ಳಿ ಜಾತಿಗೆ ತೊಗಟೆ 3, ಕಲ್ಲು ಚೂರು 3, ಕೋಕೋಪೀಟ್ 1. ಗೊಬ್ಬರ ಬೇಡ.

ಬುಟ್ಟಿ ಅಂದರೆ ಗಾರೆ ಕೆಲಸದವರ ಬುಟ್ಟಿ. ಯಾವುದಾದರೂ ಸರಿ, ಎಲ್ಲಕ್ಕೂ ಅದೇ ಇರಲಿ, ತೂಕ ಹಾಕಬೇಡಿ. ಎಂಟು ಬುಟ್ಟಿ ಸುರಿದರೆ ಎಂಟು ಬುಟ್ಟಿ ಮಿಶ್ರಣ ಆಗುವುದಿಲ್ಲ. ಸಣ್ಣದು ದೊಡ್ಡದರ ಸಂದಿಗೆ ಸೇರಿ ಆರೂವರೆ ಏಳು ಬುಟ್ಟಿ ಆಗುತ್ತದೆ. ತೊಗಟೆಯನ್ನು ಹಿಂದಿನ ದಿನವೇ ನೆನೆಸಿಟ್ಟುಕೊಳ್ಳಿ. ಒಣ ತೊಗಟೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಮೇಲಿಂದ ಜಾರಿ ಹೋಗುತ್ತದೆ.

ಕೋಕೋಪೀಟ್ ತೊಳೆಯಲೇಬೇಕಾ?

ಹೌದು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನ ಅಂಶ ಇರುತ್ತದೆ. 5 ಕಿಲೋ ಇಟ್ಟಿಗೆ ನೆನೆದರೆ ಸುಮಾರು 60-70 ಲೀಟರ್ ಆಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ನೀರಿನಲ್ಲಿ ಜಾಲಿಸಿ ಹಿಂಡಿ. ಈ ಕೆಲಸಕ್ಕೆ ಸಪ್ಪೆ ನೀರು ಬೇಕು. ಸವುಳು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಂದು ಉಪ್ಪು ಹೋಗಿ ಇನ್ನೊಂದು ಬಂದ ಹಾಗೆ.

ಪರ್ಲೈಟ್ ದುಬಾರಿ. ಬದಲಿಗೆ ಏನು ಹಾಕಬಹುದು?

ಬಂಡೆಗಳ ಸೀಮೆಯಲ್ಲಿ ಕೂತು ಪರ್ಲೈಟ್ ಯಾಕೆ ಕೊಳ್ಳಬೇಕು, ಅಲ್ವಾ? ಕ್ರಷರ್‌ಗಳಲ್ಲಿ ಸಿಗುವ ಸಣ್ಣ ಗ್ರಾನೈಟ್ ಜಲ್ಲಿ, 3ರಿಂದ 6 ಮಿಲಿಮೀಟರ್‌ನದ್ದು, ಚೆನ್ನಾಗಿ ಕೆಲಸ ಮಾಡುತ್ತದೆ. ಧೂಳು ಹೋಗುವ ತನಕ ತೊಳೆಯಿರಿ. ಎಂ-ಸ್ಯಾಂಡ್ ಬೇಡ, ಅದು ಸಣ್ಣ, ಸಂದಿ ಮುಚ್ಚುತ್ತದೆ.

ಮಾಳಿಗೆ ಮೇಲೆ ತೂಕ ಬೇಡವೆಂದರೆ ಇದ್ದಿಲು ಹಾಕಿ. ಬಳ್ಳಾರಿ ಜಾಲಿಯ ಇದ್ದಿಲು ಗಟ್ಟಿ, ಹಗುರ, ಬಹಳ ವರ್ಷ ಕೊಳೆಯುವುದಿಲ್ಲ. ಅದನ್ನೂ ಕಡಲೆ ಗಾತ್ರಕ್ಕೆ ಒಡೆದು, ಸೋಸಿ, ತೊಳೆಯಬೇಕು. ಚೆನ್ನಾಗಿ ಬೆಂದ ಇಟ್ಟಿಗೆಯ ಚೂರೂ ನಡೆಯುತ್ತದೆ. ಸಿಮೆಂಟ್ ಅಂಟಿದ ಹಳೆ ಗೋಡೆಯ ಇಟ್ಟಿಗೆ ಬೇಡ, ಅದರ ಸುಣ್ಣದಂಶ ನಮಗೆ ಆಗದು.

ಗಂಗಾವತಿ, ಸಿಂಧನೂರು ಕಡೆ ಭತ್ತದ ಹೊಟ್ಟು ರಾಶಿ ರಾಶಿ ಇದೆ. ತೊಗಟೆ ಬದಲು ಅದನ್ನೇ ಹಾಕಿದರೆ?

ಪೂರ್ತಿ ಬದಲು ಆಗುವುದಿಲ್ಲ. ನಾಲ್ಕು ಬುಟ್ಟಿ ತೊಗಟೆಯಲ್ಲಿ ಒಂದನ್ನು ಬಿಟ್ಟು ಅಲ್ಲಿ ಹೊಟ್ಟು ಹಾಕಬಹುದು. ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಹಾಗಾಗಿ ನಿಧಾನ ಕೊಳೆಯುತ್ತದೆ, ಗಾಳಿಯಾಡಲು ಒಳ್ಳೆಯದು. ಆದರೆ ನೀರು ಹಿಡಿಯುವುದಿಲ್ಲ. ಕುಸುಬಲು ಅಕ್ಕಿ ಮಾಡುವ ಮಿಲ್‌ನ ಹೊಟ್ಟು ಸಿಕ್ಕರೆ ಒಳ್ಳೆಯದು, ಭತ್ತ ಬೆಂದಿರುವುದರಿಂದ ಕಾಳು ಮೊಳೆಯುವುದಿಲ್ಲ. ಹಸಿ ಹೊಟ್ಟು ಹಾಕಿದರೆ ಗುಲಾಬಿ ಬುಡದಲ್ಲಿ ಭತ್ತದ ಸಸಿ ಏಳುತ್ತದೆ!

ಮಿಲ್‌ನ ಬಾಯ್ಲರ್‌ನಿಂದ ಬರುವ ಕರಿ ಹೊಟ್ಟಿನಲ್ಲಿ ಚೂರು ಉಳಿದಿದ್ದರೆ ಸೋಸಿ, ತೊಳೆದು ಸ್ವಲ್ಪ ಬಳಸಿ. ಬೂದಿಯಾಗಿದ್ದರೆ ಬೇಡ.

ಶೇಂಗಾ ಸಿಪ್ಪೆ ಒಂದು ಹಂಗಾಮಿನಲ್ಲೇ ಕರಗಿ ಹೋಗುತ್ತದೆ, ತರಕಾರಿಗೆ ಪರವಾಗಿಲ್ಲ. ಕಟ್ಟಿಗೆ ಹೊಟ್ಟು, ಅಂದರೆ ಸಾ ಮಿಲ್ ಪುಡಿ, ಬೇಡವೇ ಬೇಡ. ಅದು ತೊಗಟೆಗಿಂತ ಬಹಳ ಜಾಸ್ತಿ ಸಾರಜನಕ ನುಂಗುತ್ತದೆ.

ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ?

ಎರಡೂ ಬೇಡ. ಕಲ್ಲಿದ್ದಲ ಬೂದಿಯಲ್ಲಿ ಬೋರಾನ್ ಮತ್ತು ಭಾರಲೋಹಗಳು ಇರುತ್ತವೆ, ಸಿಮೆಂಟಿನಷ್ಟು ನುಣ್ಣಗೂ ಇರುತ್ತದೆ. ಕಿಟ್ಟ ಸುಣ್ಣದ ಗುಣದ್ದು. ಇಟ್ಟಿಗೆ, ರಸ್ತೆಗೆ ಅವು ಸರಿ.

ಮಿಶ್ರಣಕ್ಕೆ ಸುಣ್ಣ ಬೆರೆಸಿ ಅಂತ ಓದಿದ್ದೆ. ಎಷ್ಟು ಹಾಕಲಿ?

ಒಂದು ಚಿಟಿಕೆಯೂ ಬೇಡ. ಆ ಸಲಹೆ ಪೈನ್ ತೊಗಟೆಗೆ ಹೇಳಿದ್ದು. ಪೈನ್ ಹುಳಿ, ಅದರ ಪಿಎಚ್ (ಹುಳಿ-ಸುಣ್ಣದ ಗುಣದ ಅಳತೆ, 7 ಅಂದರೆ ಎರಡೂ ಅಲ್ಲ) 4-5 ಇರುತ್ತದೆ, ಅದನ್ನು ಏರಿಸಲು ಸುಣ್ಣ ಹಾಕುತ್ತಾರೆ. ನಮ್ಮ ಮರಗಳ ತೊಗಟೆ ಕಳಿಯುತ್ತಾ ತಾನಾಗಿಯೇ 7ರ ಹತ್ತಿರ ಬರುತ್ತದೆ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು ಪ್ರತಿ ದಿನ ಸುಣ್ಣದಂಶ ತಂದು ಸುರಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುವುದು ನೋಡಿಲ್ಲವೇ?

ನಮ್ಮದು ಸವುಳು ನೀರು. ಏನು ಮಾಡುವುದು?

ತುಂಗಭದ್ರಾ ಕಾಲುವೆ ನೀರು ನಲ್ಲಿಗೆ ಬರುವವರು ಪುಣ್ಯವಂತರು, ಅದನ್ನೇ ಹಾಕಿ. ಬೋರ್‌ವೆಲ್ ಒಂದೇ ಇದ್ದವರು ಚೂರು ಚೂರು ನೀರು ಚಿಮುಕಿಸುವ ಅಭ್ಯಾಸ ಬಿಡಿ. ನೀರು ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ಹಾಕಿದರೆ ತಳದಿಂದ ಹರಿದು ಬರುವಷ್ಟು ಹಾಕಿ. ಹತ್ತು ದಿನಕ್ಕೊಮ್ಮೆ ಇನ್ನೂ ಜಾಸ್ತಿ ಹಾಯಿಸಿ ಉಪ್ಪು ತೊಳೆಯಿರಿ. ತೊಗಟೆ ಮಿಶ್ರಣದಲ್ಲಿ ಇದು ಸುಲಭ, ಎರೆ ಮಣ್ಣಿನಲ್ಲಿ ಆಗದ ಮಾತು. ಮಳೆ ಬಂದಾಗ ಕುಂಡಗಳನ್ನು ಸೂರಿನ ಕೆಳಗಿಂದ ಹೊರಗೆ ಸರಿಸಿ. ಎಸಿಯಿಂದ ಬರುವ ನೀರು ಶುದ್ಧ, ಬಕೆಟ್ ಇಟ್ಟು ಹಿಡಿಯಿರಿ.

ಶುದ್ಧ ಕುಡಿಯುವ ನೀರಿನ ಘಟಕ ಅಥವಾ ಮನೆಯ ಆರ್‌ಓ ಯಂತ್ರದಿಂದ ಹೊರಗೆ ಬಿಡುವ ನೀರನ್ನು ಸುಮ್ನೆ ಹಾಳು ಮಾಡಬಾರದು ಅಂತ ಕುಂಡಕ್ಕೆ ಹಾಕುವವರಿದ್ದಾರೆ. ಯಂತ್ರ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಕುಂಡದ ತಳಕ್ಕೆ ಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಲ್ವಾ?

ಎಲ್ಲರೂ ಹೇಳುತ್ತಾರೆ, ಆದರೆ ಹಾಗಾಗುವುದಿಲ್ಲ. ಒದ್ದೆ ಸ್ಪಂಜನ್ನು ನೆಟ್ಟಗೆ ಹಿಡಿಯಿರಿ. ಸ್ವಲ್ಪ ನೀರು ಇಳಿದು ನಿಲ್ಲುತ್ತದೆ, ಕೆಳಗಿನ ತುದಿ ಮಾತ್ರ ತುಂಬಿಕೊಂಡೇ ಇರುತ್ತದೆ. ಕುಂಡದಲ್ಲೂ ಮಿಶ್ರಣದ ತಳದಲ್ಲಿ ಹೀಗೇ ಒಂದು ಒದ್ದೆ ಪದರ ಇರುತ್ತದೆ. ಕಲ್ಲು ಹಾಕಿದರೆ ಆ ಪದರ ಕಲ್ಲಿನ ಮೇಲೆ, ಬೇರಿಗೆ ಇನ್ನೂ ಹತ್ತಿರ ಬಂದು ಕೂರುತ್ತದೆ. ಬೇರಿಗೆ ಇರುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಸೊಳ್ಳೆ ಜಾಲರಿಯ ತುಂಡು ಹಾಕಿ, ಸಾಕು.

ಎಲೆ ಹಳದಿ ಆಗುತ್ತಿದೆ. ಏನು ಕೊರತೆ?

ಮೊದಲು ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಗೊಬ್ಬರದ ಅಂಗಡಿಯಲ್ಲಿ ಸಿಗುವ, ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಹಾಕಿ. ತೊಗಟೆ ಮಿಶ್ರಣದಲ್ಲಿ ಸತ್ವ ಕಡಿಮೆ, ನೀರಿನ ಜೊತೆ ತೊಳೆದೂ ಹೋಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ, ತಪ್ಪದೆ ಕೊಡಬೇಕು. ಶೇಂಗಾ ಹಿಂಡಿ ನೆನೆಸಿದ ತಿಳಿ ನೀರೂ ಆಗುತ್ತದೆ, ಅದನ್ನು ಹತ್ತು ಪಟ್ಟು ನೀರು ಬೆರೆಸಿ ಹಾಕಿ. ವಾಸನೆಗೆ ಪಕ್ಕದ ಮನೆಯವರು ಮಾತು ಬಿಟ್ಟರೆ ನಾನು ಹೊಣೆಯಲ್ಲ.

ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣದ ತೊಂದರೆ. ಸಂಡೂರಿನ ಗುಡ್ಡದಲ್ಲಿ ಅಷ್ಟು ಕಬ್ಬಿಣ ಇದ್ದರೂ ನಮ್ಮ ಗಿಡಕ್ಕೆ ಸಿಗುವುದಿಲ್ಲ ನೋಡಿ! ಸುಣ್ಣದ ನೀರಿನಿಂದ ಪಿಎಚ್ ಏರಿದಾಗ ಕಬ್ಬಿಣ ಇದ್ದೂ ಬೇರಿಗೆ ಎಟಕುವುದಿಲ್ಲ. ತುಕ್ಕು ಮೊಳೆ ಹೂಳುವುದರಿಂದ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಇಡಿಡಿಎಚ್‌ಎ ಅಂತ ಬರೆದಿರುವ ಕಬ್ಬಿಣ ಕೇಳಿ. ಇಡಿಟಿಎ ಬಗೆಯದು ಸುಣ್ಣದ ಗುಣವಿರುವ ಕಡೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ಏಪ್ರಿಲ್, ಮೇನಲ್ಲಿ ಗಿಡ ಉಳಿಸುವುದು ಹೇಗೆ?

40 ಡಿಗ್ರಿ ದಾಟಿದ ದಿನ ಬಿಸಿಲಿಗೆ ಬಿದ್ದ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗೆ ಬೇರು ಬೇಯುತ್ತದೆ. ಕುಂಡದ ಹೊರಗೆ ಸುಣ್ಣ ಬಳಿಯಿರಿ, ಸುಣ್ಣಕ್ಕೆ ಇಲ್ಲಿ ಮಾತ್ರ ಕೆಲಸವಿದೆ. ಅಥವಾ ಪ್ಲಾಸ್ಟಿಕ್ ಕುಂಡವನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ. 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಮಿಶ್ರಣದ ಮೇಲೆ ದೊಡ್ಡ ತೊಗಟೆ ತುಂಡುಗಳನ್ನು ಎರಡು ಇಂಚು ಹಾಸಿ, ಸೋಸುವಾಗ ಉಳಿದವು ಇದಕ್ಕೆ ಆಗುತ್ತವೆ. ನೀರು ಬೆಳಗಿನ ಜಾವ ಹಾಕಿ, ಮೊದಲು ಪೈಪಿನಲ್ಲಿ ಕಾದ ನೀರನ್ನು ಹೊರಗೆ ಬಿಡಿ. ಒಮ್ಮೆ ಪೂರ್ತಿ ಒಣಗಿ ಹೋದ ಕುಂಡವನ್ನು ಟಬ್ಬಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಮೇಲಿಂದ ಹಾಕಿದರೆ ಒಳಗೆ ಹೋಗುವುದಿಲ್ಲ.

ತೊಗಟೆಗೆ ಗೆದ್ದಲು ಬರುವುದಿಲ್ಲವೇ?

ನೆಲದ ಮೇಲೆ ಇಟ್ಟರೆ ಖಂಡಿತ ಬರುತ್ತದೆ. ಡ್ರಮ್ಮನ್ನೂ ಕುಂಡವನ್ನೂ ಇಟ್ಟಿಗೆ ಮೇಲೆ ಎತ್ತಿಡಿ, ಬೇರಾಗಲಿ ಮಿಶ್ರಣವಾಗಲಿ ನೆಲ ಮುಟ್ಟಬಾರದು. ತಳದ ತೂತಿನ ಹತ್ತಿರ ಮಣ್ಣಿನ ಕೊಳವೆ ಕಂಡರೆ ಕೆರೆದು ಹಾಕಿ. ಬೇವಿನ ಹಿಂಡಿ ಬೆರೆಸಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಪೂರ್ತಿ ನಂಬಬೇಡಿ.

ಕುಂಡದಲ್ಲಿ ಅಣಬೆ ಎದ್ದಿದೆ!

ಮಳೆಗಾಲದಲ್ಲಿ ಮಾಮೂಲು. ತೊಗಟೆ ಕೊಳೆಸುವ ಶಿಲೀಂಧ್ರ ಅದು, ಗಿಡಕ್ಕೆ ಏನೂ ಮಾಡುವುದಿಲ್ಲ. ತಿನ್ನಬೇಡಿ, ಮಕ್ಕಳಿದ್ದರೆ ಕಿತ್ತು ಎಸೆಯಿರಿ.

ಎಷ್ಟು ವರ್ಷ ಬಾಳುತ್ತದೆ? ಹಳೆಯದನ್ನು ಏನು ಮಾಡುವುದು?

ನಮ್ಮ ಮರಗಳ ತೊಗಟೆ ಪೈನ್‌ನಷ್ಟು ಬಾಳುವುದಿಲ್ಲ. ಒಂದೂವರೆಯಿಂದ ಎರಡು ವರ್ಷ ಅಂದುಕೊಳ್ಳಿ. ಮಟ್ಟ ಎರಡು ಮೂರು ಇಂಚು ಕುಸಿದು, ನೀರು ಮೇಲೆ ನಿಲ್ಲಲು ಶುರುವಾದರೆ ಬದಲಿಸುವ ಕಾಲ ಬಂತು. ಮುಂಗಾರು ಹಿಡಿದ ಮೇಲೆ ಜೂನ್ ಕೊನೆ, ಜುಲೈನಲ್ಲಿ ಮಾಡಿ. ಬೇಸಿಗೆಯಲ್ಲಿ ಬೇರು ಅಲುಗಿಸಬೇಡಿ. ಹಳೆಯ ಮಿಶ್ರಣ ಸೋಸಿದರೆ ಜಲ್ಲಿ, ಇದ್ದಿಲು ವಾಪಸ್ ಸಿಗುತ್ತದೆ, ತೊಳೆದು ಮತ್ತೆ ಬಳಸಿ. ಉಳಿದ ಕಪ್ಪು ಪುಡಿಯನ್ನು ಅಂಗಳದ ಗಿಡಗಳ ಬುಡಕ್ಕೆ ಹಾಕಿ. ಗಿಡ ರೋಗದಿಂದ ಸತ್ತ ಕುಂಡದ್ದಾದರೆ ಮಾತ್ರ ಬೇರೆ ಗಿಡಕ್ಕೆ ಹಾಕದೆ ದೂರ ಚೆಲ್ಲಿ.